ಲಾರಿಯ ಬಾಯಿ ಮುಚ್ಚುವ ಕೆಲಸ

ಗಿರೀಶ, ಸೌಮ್ಯ, ನೀವಿಬ್ಬರೂ ಇದನ್ನು ಓದುವಾಗ ನಾನು ಎದುರಿಗೆ ಇರಬಾರದು. ಸಾವಿನ ಮಾತಲ್ಲ, ಪಕ್ಕದ ಕೋಣೆಯಲ್ಲಿದ್ದರೂ ಸಾಕು. ಎದುರಿಗೆ ಕೂತು ಹೇಳುವ ಧೈರ್ಯವಿದ್ದಿದ್ದರೆ ಈ ವಯಸ್ಸಿನಲ್ಲಿ ಪೆನ್ನು ಹಿಡಿಯುವ ಕಷ್ಟ ನನಗೇಕೆ ಬೇಕಿತ್ತು. ನಾಚಿಕೆ ಸ್ವಭಾವದವರ ಬಗ್ಗೆ ಲೋಕಕ್ಕೆ ಒಂದು ತಪ್ಪು ತಿಳಿವಳಿಕೆ ಇದೆ. ತಲೆ ತಗ್ಗಿಸಿ ನಡೆಯುವವಳು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವವಳು, ಗಂಡಸರು ಬಂದರೆ ಬಾಗಿಲ ಹಿಂದೆ ಸರಿಯುವವಳು, ಇಂಥವಳು ಪಾಪದ ಪ್ರಾಣಿ, ಇರುವೆಯನ್ನೂ ತುಳಿಯಲಾರಳು ಎಂದು ಜನ ನಂಬಿಬಿಡುತ್ತಾರೆ. ನಮ್ಮ ಊರಿನಲ್ಲಿ ಮಾತ್ರ ಹಾಗೆ ನಂಬುತ್ತಿರಲಿಲ್ಲ. ಮಳ್ಳಿ ಮಳ್ಳಿ ಮಂಚಕ್ಕೆ ಎಷ್ಟು ಕಾಲು ಎಂದರೆ ಮೂರು ಮತ್ತೊಂದು ಎಂದಳಂತೆ ಎನ್ನುವ ಗಾದೆಯನ್ನು ನನ್ನನ್ನು ನೋಡಿಕೊಂಡೇ ಹೇಳುತ್ತಿದ್ದರು. ನಾನು ಆ ಮಳ್ಳಿಯ ಜಾತಿಯವಳು. ಒಂದು ಲಾರಿಯನ್ನು ಬೇಕೆಂದೇ ಕೆಡಿಸುತ್ತಿದ್ದೆ. ಒಂದು ಸಲವಲ್ಲ, ವಾರಕ್ಕೊಂದು ಸಲ.

ಹೋದ ವಾರ ಗಿರೀಶ ಚಳಿಗೆ ಹೊರಡದ ತನ್ನ ಹಳೇ ಬೈಕನ್ನು ಒದ್ದು ಒದ್ದು ಸುಸ್ತಾಗಿ, ಚೋಕ್ ಎಳೆದು, ಕೊನೆಗೂ ಹೊರಡಿಸಿಕೊಂಡು ಹೋದನಲ್ಲ, ಆಗ ನಾನು ಬಾಲ್ಕನಿಯಲ್ಲಿ ನಿಂತು ನಗುತ್ತಿದ್ದೆ. "ಯಾಕಜ್ಜಿ ನಗ್ತಿದೀಯಾ?" ಎಂದು ಸೌಮ್ಯ ಕೇಳಿದಳು. "ಏನಿಲ್ಲ ಬಿಡೆ" ಎಂದೆ. ಏನಿಲ್ಲ ಎನ್ನುವುದರಲ್ಲಿ ಎಷ್ಟಿರುತ್ತದೆ ಎಂಬುದು ಆಮೇಲೆ ನೀವೆಲ್ಲ ಹೊರಟುಹೋಗಿ ಮನೆ ಖಾಲಿಯಾದಾಗ ಗೊತ್ತಾಯಿತು. ಈ ಬಿ.ಟಿ.ಎಂ. ಲೇಔಟಿನಲ್ಲಿ ಬೆಳಿಗ್ಗೆ ಒಂಬತ್ತೂವರೆಗೆ ನಮ್ಮ ಕಟ್ಟಡದ ಕೆಳಗೆ ನಿಂತಿರುವ ಗಾಡಿಗಳೆಲ್ಲ ಗುಂಡಿ ಒತ್ತಿದೊಡನೆ ಎದ್ದು ಹೋಗುತ್ತವೆ. ಒಂದೂ ಯಾರನ್ನೂ ಕರೆಯುವುದಿಲ್ಲ. ಆಮೇಲೆ ಸಂಜೆಯವರೆಗೆ ನನ್ನೊಡನೆ ಮಾತನಾಡುವುದು ಕುಕ್ಕರ್ ಒಂದೇ. ಅದೂ ಮೂರು ಸಲ.

ನಾನು ಮದುವೆಯಾಗಿ ಬಂದಾಗ ಜಯನಗರ ಇನ್ನೂ ನೆಲದ ಮೇಲೆ ಎಳೆದ ಗೆರೆಯಾಗಿತ್ತು. ಯಡಿಯೂರು ಕೆರೆಯ ಈಚೆಗೆ ನಮ್ಮದೊಂದು ಹೆಂಚಿನ ಮನೆ. ಸುತ್ತ ಸೈಟು ಕಲ್ಲುಗಳು, ಅವುಗಳ ನಡುವೆ ರಾಗಿ ಬಿತ್ತುವುದನ್ನು ಬಿಡಲಾಗದೆ ಬಿತ್ತುತ್ತಿದ್ದ ಒಂದಿಬ್ಬರು. ಅಕ್ಕಪಕ್ಕ ಎನ್ನುವುದಿರಲಿಲ್ಲ. ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ ಇನ್ನೊಂದು ಅಡುಗೆಮನೆ ಇರಲಿಲ್ಲ. ಮನೆಯಲ್ಲಿ ನನ್ನ ಅತ್ತೆ, ನಾನು ಮತ್ತು ನಿಮ್ಮ ತಾತ. ಅವರ ಹೆಸರನ್ನು ಇಲ್ಲಿ ಬರೆಯಲು ಈಗಲೂ ಕೈ ಬಾರದು, ನಿಮ್ಮ ಅಪ್ಪನ ಹೆಸರಿನ ಮೊದಲ ಅಕ್ಷರ ನೋಡಿ ಊಹಿಸಿಕೊಳ್ಳಿ. ಅವರ ಬಳಿ ಒಂದು ಪೆಟ್ರೋಲ್ ಲಾರಿ ಇತ್ತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದು, ಆಗಲೇ ಎರಡು ಕೈ ದಾಟಿ ಬಂದಿತ್ತು. ಗೊಟ್ಟಿಗೆರೆ ಕಡೆಯ ಗೂಡುಗಳಿಂದ ಇಟ್ಟಿಗೆ ತಂದು, ಏಳುತ್ತಿದ್ದ ಹೊಸ ಮನೆಗಳ ಮುಂದೆ ಸುರಿಯುವುದು ಅದರ ಕೆಲಸ. ಜಯನಗರದ ಅರ್ಧ ಮನೆಗಳ ಗೋಡೆ ನಮ್ಮ ಲಾರಿಯಲ್ಲಿ ಕೂತು ಬಂದಿದೆ ಎಂದು ನಿಮ್ಮ ತಾತ ಹೇಳುತ್ತಿದ್ದರು. ಅರ್ಧ ಎನ್ನುವುದು ಸುಳ್ಳು. ಆದರೆ ಆ ಸುಳ್ಳನ್ನು ಹೇಳುವಾಗ ಅವರ ಮುಖ ಚೆನ್ನಾಗಿರುತ್ತಿತ್ತು.

ಬೆಳಕು ಹರಿಯುವ ಮೊದಲು ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವರು. ಬಂದ ಮೇಲೂ ನಾವಿಬ್ಬರೂ ಮಾತನಾಡುವಂತಿರಲಿಲ್ಲ. ಹಿರಿಯರ ಎದುರಿಗೆ ಗಂಡ ಹೆಂಡತಿ ಮಾತನಾಡಿದರೆ ಅದು ಸಲಿಗೆ. ಮನೆ ಇದ್ದದ್ದು ಒಂದು ಪಡಸಾಲೆ, ಒಂದು ಅಡುಗೆಮನೆ, ಮಧ್ಯೆ ಒಂದು ಸೀರೆಯ ಪರದೆ. ನನ್ನ ಅತ್ತೆಯ ಕಿವಿ ಎಷ್ಟು ಚುರುಕೆಂದರೆ, ಹಿತ್ತಲಲ್ಲಿ ನುಗ್ಗೆಕಾಯಿ ಉದುರಿದರೆ ಎಷ್ಟು ಎಂದು ಒಳಗಿನಿಂದಲೇ ಹೇಳುವರು. ಅವರು ಕೆಟ್ಟವರಲ್ಲ. ಊಟಕ್ಕೆ ಕಡಿಮೆ ಮಾಡಲಿಲ್ಲ, ಕೈ ಎತ್ತಲಿಲ್ಲ. ಆದರೆ ನನ್ನನ್ನು "ಇವಳೇ" ಎಂದು ಕರೆಯುತ್ತಿದ್ದರು. ನಿಮ್ಮ ತಾತ ಅವರೆದುರು ನನ್ನನ್ನು ಏನೆಂದೂ ಕರೆಯುತ್ತಿರಲಿಲ್ಲ. ಕೆಮ್ಮುತ್ತಿದ್ದರು. ಒಂದು ಕೆಮ್ಮಿಗೆ ನೀರು, ಎರಡು ಕೆಮ್ಮಿಗೆ ಎಲೆ ಅಡಿಕೆ. ಒಮ್ಮೆ ಅವರಿಗೆ ನಿಜವಾಗಿಯೂ ನೆಗಡಿ ಕೆಮ್ಮು ಬಂದು, ನಾನು ದಿನವೆಲ್ಲ ನೀರು ಎಲೆ ಅಡಿಕೆ ಹೊತ್ತು ಓಡಾಡಿದ್ದುಂಟು. ಹೀಗೆ ನನ್ನ ಹೆಸರು ಜಯಮ್ಮ ಎಂಬುದು ನನಗೇ ಮರೆತುಹೋಗಬಹುದಿತ್ತು. ಮರೆಯದೆ ಇದ್ದದ್ದು ಆ ಲಾರಿಯಿಂದ.

ಲಾರಿಗೆ ಚೋಕ್ ಇರಲಿಲ್ಲ. ಚೋಕ್ ಎಂದರೇನೆಂದು ನಾಲ್ಕನೇ ಕ್ಲಾಸಿನವರೆಗೆ ಓದಿದ ನಾನು ಹೇಳುವುದು ಹೀಗೆ. ಎಂಜಿನ್ನಿಗೆ ಗಾಳಿ ಮತ್ತು ಪೆಟ್ರೋಲ್ ಬೆರೆಸಿ ಕುಡಿಸುವ ಒಂದು ಪಾತ್ರೆ ಇರುತ್ತದೆ, ಅದಕ್ಕೆ ಕಾರ್ಬುರೇಟರ್ ಎಂದು ಹೆಸರು. ಅದರ ಬಾಯಿ ಮೇಲಕ್ಕೆ. ಚಳಿಯ ಬೆಳಿಗ್ಗೆ ಎಂಜಿನ್ನಿಗೆ ಗಾಳಿ ಕಡಿಮೆ, ಪೆಟ್ರೋಲ್ ಜಾಸ್ತಿ ಬೇಕು. ಆದ್ದರಿಂದ ಆ ಬಾಯಿಗೆ ಒಂದು ತಗಡಿನ ಬಿಲ್ಲೆ ಇಟ್ಟಿರುತ್ತಾರೆ. ಹೊರಡುವಾಗ ಬಿಲ್ಲೆ ಮುಚ್ಚಬೇಕು, ಎಂಜಿನ್ ಬಿಸಿಯಾದ ಮೇಲೆ ತೆರೆಯಬೇಕು. ನಮ್ಮ ಲಾರಿಯ ಬಿಲ್ಲೆ ಯಾವ ಯುದ್ಧದಲ್ಲಿ ಉದುರಿತ್ತೋ, ಬಾಯಿ ಸದಾ ತೆರೆದೇ ಇರುತ್ತಿತ್ತು. ಅದನ್ನು ಯಾರಾದರೂ ಕೈಯಿಂದ ಮುಚ್ಚಿ ಹಿಡಿಯಬೇಕಿತ್ತು. ನಿಮ್ಮ ತಾತ ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕಾದ್ದರಿಂದ ಆ ಯಾರಾದರೂ ನಾನೇ ಆದೆ.

ಬೆಳಗಿನ ಜಾವ ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಲಾರಿಯ ಮಡ್‌ಗಾರ್ಡ್ ಹತ್ತುತ್ತಿದ್ದೆ. ಬಾನೆಟ್ ಎತ್ತಿ, ಬಲ ಅಂಗೈಯನ್ನು ಆ ಬಾಯಿಯ ಮೇಲೆ ಒತ್ತಿ ಹಿಡಿಯುವುದು. ಅವರು ಹ್ಯಾಂಡಲ್ ತಿರುಗಿಸಿದಾಗ ಒಳಗಿನಿಂದ ಗಾಳಿ ಎಳೆಯುತ್ತಿತ್ತು. ಎಳೆಗರುವಿನ ಬಾಯಿಗೆ ಕೈ ಕೊಟ್ಟಾಗ ಅದು ಚೀಪುತ್ತದಲ್ಲ, ಹಾಗೆ. ಮೊದಲ ದಿನ ಹೆದರಿ ಕೈ ಕಿತ್ತುಕೊಂಡೆ. ಆಮೇಲೆ ಆಮೇಲೆ ಎಂಜಿನ್ ಯಾವ ಹೊಡೆತಕ್ಕೆ ಏಳುತ್ತದೆ ಎಂಬುದು ಅವರಿಗಿಂತ ಮೊದಲೇ ನನ್ನ ಅಂಗೈಗೆ ತಿಳಿಯುತ್ತಿತ್ತು. "ಮುಚ್ಚು" ಎನ್ನುವರು, ಮುಚ್ಚುವೆ. ಎಂಜಿನ್ ಗುಡುಗಿದೊಡನೆ "ಬಿಡು" ಎನ್ನುವರು, ಬಿಡುವೆ. ಬಿಡುವುದು ಒಂದು ಕ್ಷಣ ತಡವಾದರೆ ಪೆಟ್ರೋಲ್ ತುಂಬಿ ಉಸಿರು ಕಟ್ಟಿ ನಿಂತುಹೋಗುತ್ತದೆ. ಮತ್ತೆ ಮೊದಲಿನಿಂದ.

ಒಮ್ಮೆ ಎದ್ದ ಮೇಲೆ ಅದು ಬಿಸಿಯಾಗಲು ಒಂದೈದು ನಿಮಿಷ ಬೇಕಿತ್ತು. ಅವರು ಆ ಕಡೆಯಿಂದ, ನಾನು ಈ ಕಡೆಯಿಂದ, ತೆರೆದ ಎಂಜಿನ್ನಿನ ಮೇಲೆ ಬಗ್ಗಿ ನಿಲ್ಲುತ್ತಿದ್ದೆವು. ಲಾರಿಯ ಸದ್ದಿಗೆ ಕೆರೆಯ ಕೊಕ್ಕರೆಗಳು ಏಳುತ್ತಿದ್ದವು. ಆ ಸದ್ದಿನೊಳಗೆ ನನ್ನ ಅತ್ತೆಯ ಕಿವಿ ಕೂಡ ನುಗ್ಗಲಾರದು. ಆಗ ನಿಮ್ಮ ತಾತ ನನ್ನ ಹೆಸರು ಹಿಡಿದು ಕರೆಯುತ್ತಿದ್ದರು.

"ಜಯೂ, ನಿನ್ನೆ ಯಾಕೆ ಸಪ್ಪಗಿದ್ದೆ?"

"ಏನಿಲ್ಲ. ತಲೆನೋವು."

"ಊರಿಂದ ಕಾಗದ ಬಂತಾ?"

"ಇಲ್ಲ. ನಿಮ್ಮ ಅಂಗಿ ಗುಂಡಿ ಕಿತ್ತೋಗಿದೆ, ಸಂಜೆ ಕೊಡಿ."

"ಗುಂಡಿ ಇರ್ಲಿ. ನೀನು ಊಟ ಮಾಡ್ದ್ಯಾ ಅದನ್ನ ಹೇಳು."

ಅಷ್ಟೇ. ಇದಕ್ಕಿಂತ ದೊಡ್ಡ ಮಾತು ನಾವು ಆಡಲಿಲ್ಲ. ಆದರೆ ಕಿರುಚಿ ಆಡಬೇಕಿತ್ತು, ಇಲ್ಲವಾದರೆ ಎಂಜಿನ್ ಸದ್ದಿನಲ್ಲಿ ಕೇಳಿಸದು. ಜೀವಮಾನದಲ್ಲಿ ನಾನು ದನಿ ಎತ್ತಿ ಮಾತನಾಡಿದ್ದು ಆ ಐದು ನಿಮಿಷ ಮಾತ್ರ. ಅವರು ಹೋದ ಮೇಲೆ ದಿನವೆಲ್ಲ ಅಂಗೈಯಲ್ಲಿ ಪೆಟ್ರೋಲ್ ವಾಸನೆ ಉಳಿಯುತ್ತಿತ್ತು. ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗದು. ನಿಜ ಹೇಳಬೇಕೆಂದರೆ ಜೋರಾಗಿ ತಿಕ್ಕುತ್ತಲೂ ಇರಲಿಲ್ಲ.

ಅತ್ತೆ ಒಂದು ದಿನ ಕೇಳಿದರು. "ಏನೇ ಇವಳೇ, ದಿನಾ ಬೆಳಗಾದ್ರೆ ಅದರ ಬಾಯಿ ಯಾಕೆ ಮುಚ್ತೀಯ?"

"ಇಲ್ದಿದ್ರೆ ಅದು ಏಳಲ್ಲ ಅತ್ತೆ."

"ವಿಚಿತ್ರ. ನಮ್ ಕಾಲದಲ್ಲಿ ಬಾಯಿ ಮುಚ್ಚಿದ್ರೆ ಸುಮ್ನಾಗೋರು."

ಹೀಗೆ ಸುಖವಾಗಿದ್ದಾಗ ಒಂದು ಬೆಳಿಗ್ಗೆ ಎಂಜಿನ್ ಹಿಂದಕ್ಕೆ ಸಿಡಿಯಿತು. ಪಟಾಕಿಯಂಥ ಸದ್ದು. ನನ್ನ ಅಂಗೈ ಚುರ್ರೆಂದಿತು, ಎರಡು ಗಾಜಿನ ಬಳೆ ಒಡೆದು ಎಂಜಿನ್ನಿನೊಳಗೆ ಬಿದ್ದವು. ಗಾಯ ದೊಡ್ಡದಲ್ಲ. ಆದರೆ ಆಗ ನಾನು ಬಸುರಿ, ನಿಮ್ಮ ಅಪ್ಪ ಹೊಟ್ಟೆಯಲ್ಲಿ. ಬಸುರಿಯ ಬಳೆ ಒಡೆಯಿತು ಎಂದು ಅತ್ತೆ ಜಗುಲಿಯ ಮೇಲೆ ಕೂತು ಲಾರಿಗೆ ಶಾಪ ಹಾಕಿದರು. "ನಾಳೆಯಿಂದ ಇವಳು ಆ ದೆವ್ವದ ಹತ್ರ ಹೋಗಕೂಡದು" ಎಂದು ಮಗನಿಗೆ ಅಪ್ಪಣೆಯಾಯಿತು. ನಿಮ್ಮ ತಾತನೂ ಹೆದರಿದ್ದರು. ಮರುದಿನವೇ ಬಾಷಾ ಮೇಸ್ತ್ರಿಯನ್ನು ಹುಡುಕಿಕೊಂಡು ಹೋದರು.

ಬಾಷಾ ಮೇಸ್ತ್ರಿ ಬಸವನಗುಡಿ ಕಡೆ ಒಂದು ಹುಣಸೆಮರದ ಕೆಳಗೆ ಲಾರಿ ರಿಪೇರಿ ಮಾಡುತ್ತಿದ್ದವರು. ಗುಜರಿಗೆ ಬಂದಿದ್ದ ಒಂದು ವಿದೇಶಿ ಕಾರಿನ ಕಾರ್ಬುರೇಟರ್ ಅವರ ಬಳಿ ಇತ್ತು. ಅದು ನಮ್ಮ ಲಾರಿಗೂ ಕೂರುತ್ತದೆ ಎಂದರು. ಅದರ ಮಗ್ಗುಲಲ್ಲಿ ದುಂಡನೆಯ ಒಂದು ಡಬ್ಬಿ. ಕರೆಂಟ್ ಚೋಕ್. "ಗೌಡ್ರೆ, ಇದಕ್ಕೆ ಕೈ ಬೇಡ, ದಾರ ಬೇಡ, ಏನೂ ಬೇಡ. ತಾನೇ ಮುಚ್ಚುತ್ತೆ, ತಾನೇ ಬಿಡುತ್ತೆ" ಎಂದು ಬಾಷಾ ಹೇಳುತ್ತಿದ್ದುದು ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದ ನನಗೆ ಕೇಳಿಸಿತು. ನನಗೆ ಸವತಿ ಬಂದಳು ಎಂದು ಆಗಲೇ ಅನ್ನಿಸಿತು. ಅವಳು ಒಂದು ಹಿಡಿಯಷ್ಟು ಗಾತ್ರ, ಕಪ್ಪು ಮುಚ್ಚಳ, ಮೂರು ತಿರುಪು.

ಡಬ್ಬಿಯೊಳಗೆ ಚಕ್ಕುಲಿಯಂತೆ ಸುತ್ತಿದ ಒಂದು ಪಟ್ಟಿ ಇತ್ತು. ತಣ್ಣಗಿದ್ದಾಗ ಆ ಚಕ್ಕುಲಿ ಬಿಲ್ಲೆಯನ್ನು ಮುಚ್ಚಿ ಹಿಡಿಯುತ್ತದೆ. ಕರೆಂಟು ಹರಿದು ಬಿಸಿಯೇರಿದಂತೆ ಸಡಿಲಗೊಂಡು ಬಿಲ್ಲೆಯನ್ನು ನಿಧಾನವಾಗಿ ತೆರೆಯುತ್ತದೆ. ನಾನು ಮಾಡುತ್ತಿದ್ದ ಕೆಲಸವೇ. ಆದರೆ ಅದಕ್ಕೆ "ಬಿಡು" ಎಂದು ಹೇಳಬೇಕಾಗಿಲ್ಲ.

ಆದರೆ ಸವತಿ ಅಷ್ಟು ಸುಲಭಕ್ಕೆ ಮನೆಗೆ ಹೊಂದಲಿಲ್ಲ, ಆ ಒಂದು ವಾರ ನನಗೆ ಬಹಳ ಸಂತೋಷವಾಯಿತು. ಬಾಷಾ ಡಬ್ಬಿ ಕೂರಿಸಿ ಹೋದ ಮೇಲೆ ವೈರು ನಾನೇ ಎಳೆದುಕೊಳ್ಳುತ್ತೇನೆ ಎಂದು ನಿಮ್ಮ ತಾತ ಭಾನುವಾರ ಕೂತರು. ಎಲ್ಲಕ್ಕೂ ಮೂಲ ಬ್ಯಾಟರಿ ತಾನೇ ಎಂದು ವೈರನ್ನು ನೇರವಾಗಿ ಬ್ಯಾಟರಿಗೆ ಕಟ್ಟಿದರು. ರಾತ್ರಿಯಿಡೀ ಚಕ್ಕುಲಿ ಬೆಚ್ಚಗೆ ಮಲಗಿತ್ತು. ಬೆಳಿಗ್ಗೆ ಎಂಜಿನ್ ಕೊರೆಯುತ್ತಿದೆ, ಬಿಲ್ಲೆ ಮಾತ್ರ ಮಧ್ಯಾಹ್ನವಾಯಿತೆಂಬಂತೆ ಪೂರಾ ತೆರೆದಿದೆ, ಬ್ಯಾಟರಿಯಲ್ಲಿ ಒಂದು ತೊಟ್ಟು ಕರೆಂಟಿಲ್ಲ. ಬಾಷಾ ಬಂದು ನೋಡಿ, "ಏನ್ ಗೌಡ್ರೆ, ಅನ್ನ ಬೆಳಗ್ಗೆ ಬೇಕು ಅಂತ ರಾತ್ರಿಯೆಲ್ಲ ಒಲೆ ಉರಿಸ್ತಾರಾ?" ಎಂದರು. ಎರಡನೇ ಸಲ ನಿಮ್ಮ ತಾತ ಕಿಡಿ ಹುಟ್ಟಿಸುವ ಕಾಯಿಲಿನಿಂದ ವೈರು ತೆಗೆದರು. ಕಿಡಿಯ ಪಾಲಿನ ಕರೆಂಟನ್ನು ಚೋಕ್ ತಿಂದು, ಲಾರಿ ಹತ್ತು ಗಜಕ್ಕೊಮ್ಮೆ ಬಿಕ್ಕಳಿಸಿತು. ಮೂರನೇ ಸಲ ಬಾಷಾ ತಾವೇ ಕೂತು, ಕೀಲಿ ತಿರುಗಿಸಿದಾಗ ಮಾತ್ರ ಕರೆಂಟು ಬರುವ ಜಾಗಕ್ಕೆ ವೈರು ಕಟ್ಟಿದರು. ಆಮೇಲೆ ಮುಚ್ಚಳದ ಮೂರು ತಿರುಪು ಸಡಿಲಿಸಿ, ಬಿಲ್ಲೆ ತಣ್ಣಗಿದ್ದಾಗ ಸರಿಯಾಗಿ ಮುಚ್ಚುವವರೆಗೆ ಮುಚ್ಚಳವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ಬಿಗಿದರು. ಡಬ್ಬಿಯ ಅಂಚಿನ ಕಚ್ಚಿಗೆ ನೇರವಾಗಿ ಮುಚ್ಚಳದ ಮೇಲೆ ಮೊಳೆಯಿಂದ ಒಂದು ಗೀರು ಎಳೆದರು.

"ಈ ಗೀರು ಇಲ್ಲೇ ಇರ್ಬೇಕು ಗೌಡ್ರೆ. ಈ ಕಡೆ ತಿರುಗಿದ್ರೆ ಹೊಗೆ. ಆ ಕಡೆ ತಿರುಗಿದ್ರೆ ಬೆಳಗ್ಗೆ ಏಳೋದೇ ಇಲ್ಲ."

ಇದನ್ನೂ ನಾನು ಕಿಟಕಿಯಲ್ಲಿ ನಿಂತು ಕೇಳಿದೆ. ಮೇಸ್ಟ್ರು ಹೇಳಿದ ಪಾಠ ಇಷ್ಟು ಗಮನವಿಟ್ಟು ಕೇಳಿದ್ದರೆ ಐದನೇ ಕ್ಲಾಸಿಗೂ ಹೋಗುತ್ತಿದ್ದೆನೇನೋ.

ಮರುದಿನ ಬೆಳಿಗ್ಗೆ ನಿಮ್ಮ ತಾತ ಬಾನೆಟ್ ಎತ್ತಲಿಲ್ಲ. ಬಾಗಿಲು ತೆಗೆದು ಕೂತರು, ಪೆಡಲನ್ನು ಕಾಲಿನಿಂದ ಒಮ್ಮೆ ಒತ್ತಿದರು, ಬಾಷಾ ಅದೇ ವಾರ ಸರಿಮಾಡಿದ್ದ ಸೆಲ್ಫ್ ಹೊಡೆದರು. ಲಾರಿ ಎದ್ದಿತು. ಗೇರ್ ಹಾಕಿ ಹೊರಟರು. ರಂಗೋಲಿ ಪುಡಿಯ ಬಟ್ಟಲು ಹಿಡಿದು ನಾನು ಬಾಗಿಲಲ್ಲಿ ನಿಂತಿದ್ದೆ. ಅವರು ಕೈ ಎತ್ತಿದರು, ಅಷ್ಟರಲ್ಲಿ ಲಾರಿ ತಿರುವು ದಾಟಿತ್ತು. ಒಳಗಿನಿಂದ ಅತ್ತೆ, "ನೋಡ್ದ್ಯಾ, ಎಷ್ಟು ಸಲೀಸು" ಎಂದರು. ನಾನು ಹೌದತ್ತೆ ಎಂದೆ.

ಹೆರಿಗೆಗೆ ಊರಿಗೆ ಹೋಗಿ ಬಂದೆ. ಕೂಸಿನೊಂದಿಗೆ ಕೆಲಸ ಹೆಚ್ಚಿತು, ಮಾತು ಹೆಚ್ಚಲಿಲ್ಲ. ಕೂಸಿನ ಜೊತೆ ಎಷ್ಟು ಮಾತನಾಡಿದರೂ ಅದು ತಿರುಗಿ ಜಯೂ ಎನ್ನುವುದಿಲ್ಲವಲ್ಲ. ತಿಂಗಳುಗಟ್ಟಲೆ ನನ್ನ ಹೆಸರು ನನ್ನ ಕಿವಿಗೆ ಬೀಳಲಿಲ್ಲ. ಒಮ್ಮೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತ ನಾನೇ ಮೆಲ್ಲಗೆ ಜಯೂ ಎಂದು ಕರೆದು ನೋಡಿಕೊಂಡೆ. ಒಳಗಿನಿಂದ ಅತ್ತೆ, "ಯಾರೇ ಬಂದಿರೋದು?" ಎಂದರು. ಆ ಕಿವಿಯ ವಿಷಯ ಮೊದಲೇ ಹೇಳಿದೆನಲ್ಲ. ಅವತ್ತೇ ನಾನು ತೀರ್ಮಾನ ಮಾಡಿದ್ದು.

ಮೊದಲ ಪ್ರಯತ್ನ ದಡ್ಡತನದ್ದು. ಕರೆಂಟು ಇಲ್ಲದಿದ್ದರೆ ಕರೆಂಟ್ ಚೋಕ್ ಏನು ಮಾಡೀತು ಎಂದು ಯೋಚಿಸಿ, ಸಂಜೆ ಅವರು ಬಚ್ಚಲಿಗೆ ಹೋದಾಗ ಡಬ್ಬಿಯ ವೈರು ಕಿತ್ತುಬಿಟ್ಟೆ. ಬೆಳಿಗ್ಗೆ ಲಾರಿ ಎಂದಿಗಿಂತ ಚೆನ್ನಾಗಿ ಎದ್ದಿತು. ಏಳದೆ ಏನು ಮಾಡೀತು, ಬಿಲ್ಲೆ ಮುಚ್ಚಿಯೇ ಇತ್ತು. ತೆರೆಯಲು ಬೇಕಾದ ಬಿಸಿಯನ್ನಷ್ಟೇ ನಾನು ಕಿತ್ತಿದ್ದು. ಆ ದಿನ ನಿಮ್ಮ ತಾತ ಇಡೀ ಜಯನಗರಕ್ಕೆ ಕರಿ ಹೊಗೆ ಎರಚುತ್ತ ತಿರುಗಿದರು. "ಎಲ್ಲಿ ಬೆಂಕಿ ಬಿತ್ತು ಗೌಡ್ರೆ ಅಂತ ಜನ ಓಡಿ ಬಂದ್ರಮ್ಮ" ಎಂದು ರಾತ್ರಿ ಊಟಕ್ಕೆ ಕೂತಾಗ ತಾಯಿಗೆ ಹೇಳುತ್ತಿದ್ದರು. ನಾನು ಹುಳಿ ಬಡಿಸುತ್ತಿದ್ದೆ. ಒಂದು ಸೌಟು ಎಲೆಯ ಹೊರಗೆ ಬಿತ್ತು.

ಎರಡನೇ ಸಲ ಪಾಠವನ್ನು ನೆನಪಿಗೆ ತಂದುಕೊಂಡು ಮಾಡಿದೆ. ಆ ಕಡೆ ತಿರುಗಿದರೆ ಏಳೋದೇ ಇಲ್ಲ. ಅಡುಗೆಮನೆಯಲ್ಲಿ ತುದಿ ಮುರಿದ ಒಂದು ಮೊಂಡು ಚಾಕು ಇತ್ತು, ತಿರುಪಿನ ಸೀಳಿಗೆ ಹೇಳಿ ಮಾಡಿಸಿದಂತಿತ್ತು. ಅವರು ಬಂದೊಡನೆ ಸ್ನಾನಕ್ಕೆ ಹೋಗುವರು. ಹಂಡೆಯಿಂದ ಚೊಂಬಿನಲ್ಲಿ ನೀರು ಸುರಿದುಕೊಳ್ಳುವ ಸದ್ದೇ ನನಗೆ ಗಡಿಯಾರ. ಹನ್ನೆರಡು ಚೊಂಬು ಲೆಕ್ಕ. ಮೂರನೇ ಚೊಂಬಿಗೆ ಬಾನೆಟ್, ಆರನೆಯದಕ್ಕೆ ತಿರುಪು ಸಡಿಲ, ಎಂಟಕ್ಕೆ ಮುಚ್ಚಳ ಎರಡು ಗೆರೆಯಷ್ಟು ಆ ಕಡೆಗೆ, ಹನ್ನೊಂದಕ್ಕೆ ನಾನು ಒಲೆಯ ಮುಂದೆ. ಅತ್ತೆ ಆ ಹೊತ್ತಿಗೆ ದೇವರ ದೀಪದ ಬತ್ತಿ ಹೊಸೆಯುತ್ತ ಕೂಸನ್ನು ಆಡಿಸುತ್ತಿರುವರು. ಅವರಿಗೆ ಬಾನೆಟ್ ಸದ್ದು ಕೇಳಿಸುತ್ತಿತ್ತೇ ಎಂದರೆ, ಕೇಳಿಸದೆ ಇರಲು ಸಾಧ್ಯವಿಲ್ಲ. ಏಕೆ ಸುಮ್ಮನಿದ್ದರೋ ನನಗೆ ಇಂದಿಗೂ ಗೊತ್ತಿಲ್ಲ. ಅವರೂ ಚಿಕ್ಕ ವಯಸ್ಸಿಗೇ ಒಂಟಿಯಾದವರು.

ಬೆಳಿಗ್ಗೆ ಸೆಲ್ಫ್ ಅತ್ತಿತು, ಲಾರಿ ಏಳಲಿಲ್ಲ. ಮತ್ತೊಮ್ಮೆ. ಮತ್ತೂ ಒಮ್ಮೆ. ಆಮೇಲೆ ಬಾಗಿಲು ತೆಗೆದ ಸದ್ದು, ಬಾನೆಟ್ ಎತ್ತಿದ ಸದ್ದು. ನಾನು ರಂಗೋಲಿಯ ಚುಕ್ಕಿಗಳನ್ನು ಇಟ್ಟಲ್ಲೇ ಮತ್ತೆ ಇಡುತ್ತಿದ್ದೆ.

ಎರಡು ಸಲ ಕೆಮ್ಮು ಕೇಳಿಸಿತು. ನಾನು ತಲೆ ಎತ್ತಲಿಲ್ಲ.

"ಸ್ವಲ್ಪ ಬಾ ಇಲ್ಲಿ. ಕೈ ಇಡು."

ಅಂಗೈ ಇಟ್ಟೆ, ಮುಚ್ಚು ಎಂದರು, ಎಳೆಗರು ಚೀಪಿತು, ಎಂಜಿನ್ ಗುಡುಗಿತು, ಬಿಡು ಎಂದರು. ಆಮೇಲೆ ಆ ಸದ್ದಿನೊಳಗೆ, "ಜಯೂ, ಎಷ್ಟು ಬಡವಾಗಿದೀಯಲ್ಲೇ" ಎಂದರು. ಅವತ್ತು ನಾನು ಮಾಡಿದ ಉಪ್ಪಿಟ್ಟಿಗೆ ಉಪ್ಪು ಹಾಕಲು ಮರೆತೆ. ಅತ್ತೆ ಒಂದು ಮಾತೂ ಆಡದೆ ಉಪ್ಪಿನಕಾಯಿ ಹಾಕಿಸಿಕೊಂಡರು.

ಹೀಗೆ ವಾರಕ್ಕೊಮ್ಮೆ. ದುರಾಸೆ ಪಡಲಿಲ್ಲ. ಲಾರಿ ಎದ್ದ ಮೇಲೆ ಅವರು ಒಂದಷ್ಟು ತಿರುಪು ಮುರುಪು ಮಾಡಿ ಸರಿಪಡಿಸಿಕೊಂಡು ಹೋಗುವರು. "ಹಳೇ ಗಾಡಿ, ಅಲುಗಾಟಕ್ಕೆ ಸಡಿಲ ಆಗ್ತದೆ" ಎಂದು ತಾವೇ ಕಾರಣ ಹುಡುಕಿಕೊಂಡಿದ್ದರು. ನಾನು ಇಂಥ ಚಾಲಾಕಿ ಎಂದು ನನಗೇ ಗೊತ್ತಿರಲಿಲ್ಲ. ಕನ್ನಡಿ ನೋಡಿಕೊಳ್ಳುವಾಗ ಸ್ವಲ್ಪ ಗೌರವ ಬರುತ್ತಿತ್ತು.

ಆ ಗೌರವ ಇಳಿದದ್ದು ಒಂದು ಸೋಮವಾರ. ಯಾರೋ ಒಬ್ಬರ ಮನೆಗೆ ತಾರಸಿ ಹಾಕುವ ದಿನ, ಆಳುಗಳೆಲ್ಲ ಬಂದು ಕಾಯುತ್ತಾರೆ, ಇಟ್ಟಿಗೆ ಬೆಳಕು ಹರಿಯುವುದರೊಳಗೆ ಬೇಕು ಎಂದು ಕಂಟ್ರಾಕ್ಟರು ನಿಮ್ಮ ತಾತನಿಗೆ ಹೇಳಿ ಹೋಗಿದ್ದರಂತೆ. ನನಗೆ ಇದು ಗೊತ್ತಿರಲಿಲ್ಲ. ನಮ್ಮಲ್ಲಿ ಮಾತು ಇದ್ದದ್ದೇ ವಾರಕ್ಕೊಮ್ಮೆ, ಗೊತ್ತಾಗುವುದು ಹೇಗೆ. ಹಿಂದಿನ ಸಂಜೆ ಅವಸರದಲ್ಲಿ ಮುಚ್ಚಳವನ್ನು ತೀರಾ ಹೆಚ್ಚು ತಿರುಗಿಸಿದ್ದೆ. ಬೆಳಿಗ್ಗೆ ಅವರು ಅವಸರದಲ್ಲಿ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಸೋತಿತು, ಕಾಲಿನಿಂದ ಒತ್ತಿ ಒತ್ತಿ ಪೆಟ್ರೋಲ್ ತುಂಬಿಕೊಂಡಿತು. ನನ್ನ ಅಂಗೈ ಇಟ್ಟರೂ ಏಳಲಿಲ್ಲ. ಹ್ಯಾಂಡಲ್ ಹೊಡೆದು ಅವರ ಭುಜ ಊದಿತು. ಬಿಸಿಲೇರಿದ ಮೇಲೆ ಹೊರಟರು. ಅಷ್ಟರಲ್ಲಿ ಆ ಕೆಲಸ ಬೇರೆ ಲಾರಿಯ ಪಾಲಾಗಿತ್ತು, ಮುಂದಿನ ಕೆಲಸಗಳೂ ಅದರ ಹಿಂದೆಯೇ ಹೋದವು.

ಸಂಜೆ ಅವರು ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಲಾರಿಯ ಬಾನೆಟ್ ಮೇಲೆ ಕೈ ಇಟ್ಟು, "ನಿಂಗೂ ವಯಸ್ಸಾಯ್ತು ಕಣಪ್ಪ, ನಿನ್ನ ತಪ್ಪಲ್ಲ" ಎಂದರು. ಪರದೆಯ ಹಿಂದೆ ನಿಂತು ಕೇಳಿದ ನನಗೆ ನೆಲ ಬಿರಿಯಬಾರದೇ ಎನ್ನಿಸಿತು. ಚಾಕುವನ್ನು ಹುಣಸೆಹಣ್ಣಿನ ಜಾಡಿಯ ತಳಕ್ಕೆ ತುರುಕಿದೆ. ಇನ್ನು ಆ ಡಬ್ಬಿಯನ್ನು ಮುಟ್ಟುವುದಿಲ್ಲ ಎಂದು ಬನಶಂಕರಿ ಅಮ್ಮನಿಗೆ ಮಾತು ಕೊಟ್ಟೆ.

ಕೊಟ್ಟ ಮಾತು ಉಳಿಸಿಕೊಂಡೆ. ಎಂಟು ಹತ್ತು ದಿನ ಲಾರಿ ಚಿನ್ನದಂತೆ ಎದ್ದಿತು. ಆಮೇಲೆ ಒಂದು ಬೆಳಿಗ್ಗೆ ಏಳಲಿಲ್ಲ.

ನಾನು ಮುಟ್ಟಿಲ್ಲ, ಆದರೂ ಅದು ಏಳುತ್ತಿಲ್ಲ. ಬಾನೆಟ್ ಎತ್ತಿ ಅವರು ಕೆಮ್ಮಿದರು, ನಾನು ಹೋಗಿ ಅಂಗೈ ಇಟ್ಟೆ, ಮೊದಲ ಹೊಡೆತಕ್ಕೇ ಎದ್ದಿತು. ಮುಂದಿನ ವಾರವೂ ಹೀಗೆಯೇ. ನನ್ನ ಮೊಂಡು ಚಾಕು ತಿರುಪುಗಳ ಸೀಳನ್ನು ಸವೆಸಿಬಿಟ್ಟಿದೆ, ಅದಕ್ಕೇ ತಾವಾಗಿ ಸಡಿಲವಾಗುತ್ತಿವೆ, ಮಾಡಿದ ಪಾಪ ಗಾಡಿಗೆ ಹತ್ತಿಕೊಂಡಿದೆ ಎಂದು ನನಗೆ ಖಚಿತವಾಯಿತು. ನಿಮ್ಮ ತಾತನೂ ಪಾಪ, ಸಂಜೆ ಸ್ನಾನಕ್ಕೆ ಮೊದಲು ಎಣ್ಣೆ ನೋಡುತ್ತೇನೆ ಎಂದು ಬಾನೆಟ್ ತೆಗೆದು ಪರೀಕ್ಷಿಸುವುದನ್ನು ರೂಢಿ ಮಾಡಿಕೊಂಡಿದ್ದರು. ಆದರೂ ತಪ್ಪಲಿಲ್ಲ. ನಾನು ಶುಕ್ರವಾರ ಬನಶಂಕರಿ ಗುಡಿಗೆ ನಡೆದು ಹೋಗಿ ನಿಂಬೆಹಣ್ಣಿನ ಹೋಳು ಮಗುಚಿ ದೀಪ ಹಚ್ಚಿ ಬರುತ್ತಿದ್ದೆ. ತಾಯೀ, ಆ ಡಬ್ಬಿಯನ್ನು ಸರಿಪಡಿಸು ಎಂದು ಬೇಡುವೆ. ಬೇಡುವಾಗಲೇ ಒಳಗಿನ ಇನ್ನೊಬ್ಬಳು, ಪೂರಾ ಸರಿಮಾಡಬೇಡ ತಾಯಿ ಎನ್ನುವಳು. ಅಮ್ಮನವರು ಎರಡನೆಯವಳ ಮಾತನ್ನೇ ನಡೆಸಿಕೊಟ್ಟರು. ಹೀಗೆ ವರ್ಷಗಳು ಕಳೆದವು. ಎಂಜಿನ್ ಮೇಲೆ ಬಗ್ಗಿ ನಾವು ಗುಂಡಿಯ ವಿಷಯ, ಕಾಗದದ ವಿಷಯ, ನಿಮ್ಮ ಅಪ್ಪನನ್ನು ಶಾಲೆಗೆ ಹಾಕುವ ವಿಷಯ ಎಲ್ಲ ಕಿರುಚಿ ಮಾತನಾಡಿದೆವು.

ಒಂದು ಸಂಜೆ ಅವರು ಎಂದಿನಂತೆ ಬಂದು, ಎಣ್ಣೆ ನೋಡಿ, ಸ್ನಾನ ಮಾಡಿ, ಉಂಡು ಮಲಗಿದರು. ಬೆಳಿಗ್ಗೆ ಏಳಲಿಲ್ಲ. ಎದೆಯಂತೆ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಲಾರಿ ಆರು ತಿಂಗಳು ಅಂಗಳದಲ್ಲೇ ನಿಂತಿತ್ತು. ಬೆಳಗಿನ ಹೊತ್ತು ಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ, "ಆ ದೆವ್ವದ ಸದ್ದಿಲ್ದೆ ನಂಗೆ ಎಚ್ಚರಾನೇ ಆಗಲ್ಲ ಕಣೇ ಜಯಾ" ಎಂದು ಅತ್ತೆ ಒಂದು ದಿನ ಹೇಳಿದರು. ಜಯಾ ಎಂದರು. ಆಮೇಲೆ ಇಬ್ಬರೂ ಕಾಫಿ ಕುಡಿದೆವು.

ಕೊನೆಗೆ ಕೊಳ್ಳುವವರೊಬ್ಬರನ್ನು ಬಾಷಾ ಮೇಸ್ತ್ರಿಯೇ ಕರೆತಂದರು. ಹೊಸ ಬ್ಯಾಟರಿ ಹಾಕಿ, ಹೊಸ ಪೆಟ್ರೋಲ್ ತುಂಬಿ, ಸೆಲ್ಫ್ ಹೊಡೆದರು. ಏಳಲಿಲ್ಲ. ಬಾಷಾ ಬಾನೆಟ್ ಎತ್ತಿ ಚೋಕ್ ಡಬ್ಬಿಯ ಮೇಲೆ ಬಗ್ಗಿದರು. ನಾನು ಬಾಗಿಲ ಹಿಂದಿದ್ದೆ.

"ಅಮ್ಮಾ, ಇದನ್ನ ಯಾರು ಮುಟ್ಟಿದ್ದು?"

ಪಾಪ ಹೊರಬಿತ್ತು ಎಂದುಕೊಂಡು ನಾನು ಬಾಗಿಲ ಹಿಂದೆ ಇನ್ನಷ್ಟು ಸರಿದೆ.

"ಈ ಗೀರು ನಾನು ಹಾಕಿದ್ದು. ಇದರ ಪಕ್ಕ ಇನ್ನೊಂದು ಗೀರಿದೆಯಲ್ಲ, ಇದು ಯಾರು ಹಾಕಿದ್ದು? ಮುಚ್ಚಳ ಅದಕ್ಕೆ ಸರಿಯಾಗಿ ಕೂತಿದೆ, ತಿರುಪೆಲ್ಲ ಬಿಗಿಯಾಗಿವೆ. ಇಲ್ಲಿಟ್ರೆ ಗಾಡಿ ಏಳಲ್ಲ. ಏಳದೇ ಇರೋ ಜಾಗಕ್ಕೆ ಯಾರಾದ್ರೂ ಗುರುತು ಮಾಡಿ ಇಟ್ಕೊಳ್ತಾರಾ?"

ನಾನು ಹೊರಗೆ ಬಂದೆ. ಅಂಗಳ ದಾಟಿ, ಇಬ್ಬರು ಹೊರಗಿನ ಗಂಡಸರ ನಡುವೆ ಹೋಗಿ, ಬಗ್ಗಿ ನೋಡಿದೆ. ಎರಡನೇ ಗೀರು ತೆಳ್ಳಗೆ, ನೇರವಾಗಿ, ಅಳತೆ ಮಾಡಿ ಎಳೆದಂತಿತ್ತು. ನನ್ನ ಮೊಂಡು ಚಾಕು ಅಷ್ಟು ನೀಟಾಗಿ ಏನನ್ನೂ ಮಾಡಿರಲಿಲ್ಲ. ನಾನು ಗೀರು ಎಳೆದವಳೇ ಅಲ್ಲ.

ಬಾಷಾ ತಿರುಪು ಸಡಿಲಿಸಲು ಕೈ ಹಾಕಿದರು. "ಬೇಡಿ ಸಾಬ್ರೆ, ಹಾಗೇ ಇರ್ಲಿ. ನೀವು ಸೆಲ್ಫ್ ಹೊಡೀರಿ" ಎಂದೆ. ನಾನೇ ಹೇಳಿದ್ದು ಎಂದು ತಿಳಿಯಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಮಡ್‌ಗಾರ್ಡ್ ಹತ್ತಿದೆ. ತೆರೆದ ಬಾಯಿಯ ಮೇಲೆ ಅಂಗೈ ಒತ್ತಿದೆ. ಕೈಯಲ್ಲಿ ಬಳೆ ಇರಲಿಲ್ಲ. ಎಂಜಿನ್ ತಿರುಗಿತು, ಅಂಗೈಯನ್ನು ಚೀಪಿತು, ಗುಡುಗಿ ಎದ್ದಿತು. ನಾನು ಕಾದೆ. ಬಿಡು ಎಂದು ಯಾರೂ ಹೇಳಲಿಲ್ಲ. ಎಂಜಿನ್ ಉಸಿರು ಕಟ್ಟಿ ನಿಂತುಹೋಯಿತು.

"ಏನಮ್ಮಾ, ಕೈ ತೆಗೀಬಾರ್ದಾ?" ಎಂದರು ಕೊಳ್ಳುವವರು.

ಬಾಷಾ ಮಾತ್ರ ನನ್ನ ಕೈಯನ್ನೊಮ್ಮೆ, ಎರಡು ಗೀರುಗಳನ್ನೊಮ್ಮೆ ನೋಡಿ, ಟೋಪಿ ಸರಿಮಾಡಿಕೊಂಡು ಬೇರೆ ಕಡೆ ತಿರುಗಿದರು. ಲಾರಿಗೆ ಎಳೆಯುವ ಸಾದಾ ಚೋಕ್ ಹಾಕಿಕೊಟ್ಟು, ಒಂದು ವಾರದ ಮೇಲೆ ಆ ಡಬ್ಬಿಯನ್ನು ತಿರುಪು ಸಡಿಲಿಸದೆ ಹಾಗೇ ಬಿಚ್ಚಿ ತಂದು ಜಗುಲಿಯ ಮೇಲಿಟ್ಟು ಹೋದರು.

ಈಗ ಹೇಳಿ, ಯಾರಿಗೆ ಯಾರು ಮೋಸ ಮಾಡಿದ ಹಾಗಾಯಿತು. ಅವರಿಗೆ ನನ್ನ ಚಾಕುವಿನ ವಿಷಯ ಎಂದಿನಿಂದ ಗೊತ್ತಿತ್ತೋ. ನಾನು ನಿಲ್ಲಿಸಿದ ಮೇಲೆ ಎಂಟು ಹತ್ತು ದಿನ ಕಾದು ನೋಡಿ, ಇನ್ನು ಇವಳನ್ನು ನಂಬಿದರೆ ಆಗದು ಎಂದು ಕೆಲಸ ತಾವೇ ವಹಿಸಿಕೊಂಡರು. ನನ್ನ ಹಾಗೆ ಒಡ್ಡೊಡ್ಡಾಗಿ ತಿರುಗಿಸದೆ, ನನ್ನ ಅಂಗೈ ಇಟ್ಟರೆ ಏಳಬೇಕು, ಇಡದಿದ್ದರೆ ಏಳಬಾರದು, ಅಷ್ಟಕ್ಕೆ ಸರಿಯಾಗಿ ಗುರುತು ಮಾಡಿಕೊಂಡರು. ಮೇಸ್ತ್ರಿ ಕೆಲಸ ಎಂದರೆ ಅದು. ಇದು ತಿಳಿಯದೆ ನಾನು ಎಷ್ಟೋ ಶುಕ್ರವಾರ ಯಡಿಯೂರಿನಿಂದ ಬನಶಂಕರಿಗೆ ನಡೆದೆ. ಆ ನಿಂಬೆಹಣ್ಣುಗಳನ್ನೆಲ್ಲ ಉಪ್ಪಿನಕಾಯಿ ಹಾಕಿದ್ದರೆ ನಿಮ್ಮ ಅಪ್ಪನ ಮದುವೆಗೂ ಆಗಿ ಮಿಗುತ್ತಿತ್ತು.

ಡಬ್ಬಿ ನನ್ನ ಟ್ರಂಕಿನಲ್ಲಿ, ರೇಷ್ಮೆ ಸೀರೆಯ ಮಡಿಕೆಯಲ್ಲಿದೆ. ಈ ಹಾಳೆಗಳನ್ನೂ ಅದರ ಕೆಳಗೇ ಇಡುತ್ತೇನೆ. ನಾನು ಇಲ್ಲದ ಕಾಲಕ್ಕೆ ಟ್ರಂಕು ಯಾರ ಪಾಲಿಗೆ ಬಂದರೂ ಹಾಳೆಗಳು ನಿಮ್ಮಿಬ್ಬರವು. ಜಿರಲೆ ತಿನ್ನದಂತೆ, ನೀರು ತಾಕದಂತೆ ಇಟ್ಟುಕೊಳ್ಳಿ. ಗಿರೀಶನಿಗೆ ಮಾತ್ರ ಒಂದು ಮಾತು. ಬೈಕು ಬಿಚ್ಚುವ ಚಟದಲ್ಲಿ ಆ ಡಬ್ಬಿಯ ತಿರುಪಿಗೆ ಕೈ ಹಾಕಬೇಡ. ಅದು ಎರಡನೇ ಗೀರಿನ ಮೇಲೆಯೇ ಇರಲಿ. ಅದು ಅವರು ಆ ಕೊನೆಯ ಸಂಜೆ, ಮರುದಿನ ಬೆಳಿಗ್ಗೆ ನನ್ನನ್ನು ಕರೆಯಲೆಂದು ಇಟ್ಟದ್ದು, ಮತ್ತು ಬಿಡು ಎಂದು ಅವರು ಹೇಳದೆ ಕೈ ತೆಗೆಯುವ ಬುದ್ಧಿ ನನಗೆ ಇನ್ನೂ ಬಂದಿಲ್ಲ.